ಪ್ರಿಂಟೋ ರಿಟರ್ನೋ? ಹಾಲಿನ ಲೆಕ್ಕ ಹಾಕಿ ನೋಡಿ

ಭಾನುವಾರ ನಮ್ಮ ಮನೆಗೆ ಐದಾರು ಪಿಯುಸಿ ಮಕ್ಕಳು ಪೈಥಾನ್ ಪ್ರೋಗ್ರಾಮಿಂಗ್ ಕಲಿಯಲು ಬರುತ್ತಾರೆ. ಜಾಸ್ತಿ ಜನರ ಮನೆಯಲ್ಲಿ ಹಸು ಇದೆ. ಅದಕ್ಕೇ ಫಂಕ್ಷನ್ (ಹೆಸರಿಟ್ಟು, ಬೇಕಾದಾಗ ಕರೆಯುವ ಕೋಡ್ ತುಣುಕು) ಪಾಠವನ್ನು ನಾನು ಡೇರಿ ಲೆಕ್ಕದಿಂದ ಶುರು ಮಾಡುತ್ತೇನೆ.

‘ಹಣ’ ಅಂತ ಒಂದು ಫಂಕ್ಷನ್ ಬರೆಯಿರಿ. ಪೈಥಾನ್ 3ರಲ್ಲಿ ಹೆಸರು ಕನ್ನಡದಲ್ಲೇ ಇಡಬಹುದು, ಮಕ್ಕಳಿಗೆ ಅದೇ ಖುಷಿ. ಲೀಟರನ್ನು ದರದಿಂದ ಗುಣಿಸಿ, ಉತ್ತರವನ್ನು ಒಳಗೇ ಪ್ರಿಂಟ್ ಮಾಡಿಸಿ, ಅಂದರೆ ಪರದೆಯಲ್ಲಿ ತೋರಿಸಿ. ಹಣ(6, 35) ಎಂದು ಕರೆದರೆ 210 ಕಾಣುತ್ತದೆ. ಎಲ್ಲಾ ಸರಿ ಇದೆ ಅನ್ನಿಸುತ್ತದೆ, ಅಲ್ವಾ?

ಈಗ ಬೆಳಗ್ಗೆಯ 6 ಲೀಟರಿಗೆ ಸಂಜೆಯ 4 ಲೀಟರ್ ಕೂಡಿಸಿ: ಹಣ(6, 35) + ಹಣ(4, 35). 210 ಬರುತ್ತದೆ, 140 ಬರುತ್ತದೆ, ಆಮೇಲೆ ಇವನ್ನು ಕೂಡಿಸಲಾಗದು ಎನ್ನುವ ಟೈಪ್‌ಎರರ್. 350 ಬರುವುದೇ ಇಲ್ಲ. ಆ ಎರರ್ ಸಾಲನ್ನು ಪೂರ್ತಿ ಓದಿ, ‘ನನ್‌ಟೈಪ್’ (NoneType) ಅಂತ ಎರಡು ಸಲ ಇರುತ್ತದೆ. ಫಂಕ್ಷನ್ ಉತ್ತರವನ್ನು ನಿಮಗೆ ತೋರಿಸಿತು, ಆದರೆ ಕೂಡುವ ಸಾಲಿನ ಕೈಗೆ ಕೊಡಲಿಲ್ಲ. ಹಾಗೆ ಕೊಡುವ ಕೆಲಸ ‘ರಿಟರ್ನ್’ನದು. ರಿಟರ್ನ್ ಇಲ್ಲದಿದ್ದರೆ ಸಿಗುವುದು ‘ನನ್’ (None, ಅಂದರೆ ಏನೂ ಇಲ್ಲ) ಮಾತ್ರ. ನನ್‌ಗೆ ನನ್ ಕೂಡಿಸಲು ಆಗುವುದಿಲ್ಲ.

ಪ್ರಿಂಟ್ ತೆಗೆದು ರಿಟರ್ನ್ ಹಾಕಿ, ಫೈಲ್ ಸೇವ್ ಮಾಡಿ ರನ್ ಮಾಡಿ. ಪರದೆ ಖಾಲಿ! ಮಕ್ಕಳು ಗಾಬರಿ ಬೀಳುವುದು ಇಲ್ಲೇ. ‘ಅಕ್ಕಾ, ಏನೂ ಬರ್ತಿಲ್ಲ’ ಎಂದು ಮತ್ತೆ ಪ್ರಿಂಟ್ ಹಾಕಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೂಡಿದ್ದನ್ನು ‘ಒಟ್ಟು’ ಎಂಬ ಹೆಸರಿನಲ್ಲಿ ಇಟ್ಟುಕೊಳ್ಳಿ. ಫಂಕ್ಷನ್ನಿನ ಹೊರಗೆ, ಕೊನೆಯಲ್ಲಿ, print(ಒಟ್ಟು). 350 ಬಂತು ನೋಡಿ.

ಇದನ್ನು ಫೈಲಿನಲ್ಲೇ ಬರೆದು ಕಲಿಯಿರಿ. ಒಂದೊಂದೇ ಸಾಲು ಬರೆದು ನೋಡುವ ಮೂರು ಬಾಣದ (>>>) ಪ್ರಾಂಪ್ಟಿನಲ್ಲಿ ರಿಟರ್ನ್ ಆದದ್ದೂ ತಾನಾಗಿಯೇ ಪರದೆಗೆ ಬರುತ್ತದೆ. ಅಲ್ಲಿ ಎರಡೂ ಒಂದೇ ಥರ ಕಂಡು, ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಒಳಗೆ ಪ್ರಿಂಟ್ ಬೇಡವೇ ಬೇಡ ಅಂತಲ್ಲ. ಡೇರಿ ಚೀಟಿಯನ್ನು ತೋರಿಸುವುದೇ ಫಂಕ್ಷನ್ನಿನ ಕೆಲಸವಾದರೆ ಹಾಕಿ. ಲೆಕ್ಕ ಹಾಕುವ ಫಂಕ್ಷನ್ನಿಗೆ ಮಾತ್ರ ರಿಟರ್ನ್ ಇರಲಿ.

ಇನ್ನೊಂದು ವಿಷಯ. ರಿಟರ್ನ್ ಸಿಕ್ಕ ಕೂಡಲೇ ಫಂಕ್ಷನ್ ಮುಗಿಯುತ್ತದೆ. ಹೋದ ತಿಂಗಳು ಒಬ್ಬ ಹುಡುಗಿ ಏಳು ದಿನದ ಹಣ ಕೂಡಿಸಲು ಹೋಗಿ, ಬರೀ ಸೋಮವಾರದ್ದು ಬಂತು ಅಂತ ಅತ್ತೇಬಿಟ್ಟಳು. ಲೆಕ್ಕ ಸರಿಯಾಗಿಯೇ ಇತ್ತು. ರಿಟರ್ನ್, ಒಂದೊಂದೇ ದಿನದ ಹಣ ಕೂಡಿಸುತ್ತಾ ಹೋಗುವ ಫಾರ್ ಲೂಪಿನ ಒಳಗೆ ಕೂತಿತ್ತು, ಅಷ್ಟೆ. ಅದನ್ನು ನಾಲ್ಕು ಸ್ಪೇಸ್ ಎಡಕ್ಕೆ ತಂದು, ‘ಫಾರ್’ ಪದದ ನೇರಕ್ಕೆ ನಿಲ್ಲಿಸಿದೆವು. ಏಳೂ ದಿನದ ಹಣ ಸೇರಿತು.