ಒಂಬತ್ತಿಂಚು ಗೋಡೆಗೆ ಸುಣ್ಣದ ಗಾರೆ: ನನ್ನ ಅನುಭವ

ಎರಡು ಚಳಿಗಾಲ ಕಳೆಯಿತು, ನಾನು ಗಾರೆ ಮಾಡಿದ ಗೋಡೆ ಒಣಗಿಯೇ ಇದೆ. ಇನ್ನು ಧೈರ್ಯವಾಗಿ ಬರೆಯಬಹುದು.

ಇಂಗ್ಲೆಂಡಿನ ಮಾಲ್ವರ್ನ್ ಗುಡ್ಡದ ಹತ್ತಿರದ ಮನೆ, 1905ರ ಆಸುಪಾಸಿನದು. ಇಂಗ್ಲಿಷ್ ವಾಸ್ತುಶಿಲ್ಪಿ ವಾಯ್ಸೀ ಕಟ್ಟಿದ್ದಲ್ಲ, ಆದರೆ ಪೂರ್ತಿ ಅವರದೇ ಧಾಟಿ. ಅದೇ ಗುಡ್ಡದ ಮಗ್ಗುಲಲ್ಲಿ ಅವರು 1893–94ರಲ್ಲಿ ಕಟ್ಟಿದ ಪೆರಿಕ್ರಾಫ್ಟ್ ಮನೆ ನೋಡಿದವರಿಗೆ ತಕ್ಷಣ ಗೊತ್ತಾಗುತ್ತದೆ: ಕೆಳಗಿಳಿದ ಸೂರು, ಉದ್ದಕ್ಕೆ ಸಾಲು ಕಿಟಕಿ, ಬುಡ ಅಗಲವಾಗಿ ಮೇಲೆ ಸಣ್ಣಗಾಗುವ ಆಸರೆಗೋಡೆ. ಇಟ್ಟಿಗೆ ಗೋಡೆ ಒಂಬತ್ತೇ ಇಂಚು. ಮಳೆ ತಡೆಯುವ ಭಾರವೆಲ್ಲ ಹೊರಗಿನ ಒರಟು ಗಾರೆಯ ಮೇಲೆ.

ಹಿಂದೆ ಯಾರೋ ಅದನ್ನು ಕೆತ್ತಿ ಸಿಮೆಂಟ್ ಬಳಿದಿದ್ದರು. ಕೂದಲೆಳೆ ಬಿರುಕಲ್ಲಿ ನೀರು ಒಳಗೆ ಹೋಗುತ್ತಿತ್ತು, ಹೊರಗೆ ಬರಲು ದಾರಿಯಿಲ್ಲ. ಪಡುವಣ ಕೋಣೆ ತುಂಬ ಬೂಷ್ಟು. ಬಣ್ಣ, ತೇಪೆ ಅಂತ ಮಾಲೀಕರು ಆಗಲೇ ಏಳೆಂಟು ಸಾವಿರ ಪೌಂಡ್ ಸುರಿದಿದ್ದರು.

ಮಳೆನೀರಿನ ಪೈಪಿನ ಹಿಂದೆ ಅಂಗೈಯಗಲ ಹಳೇ ಗಾರೆ ಉಳಿದಿತ್ತು. ಉಗುರಲ್ಲಿ ಕೆರೆದೆ. ಬಟಾಣಿ ಗಾತ್ರದ ಕಲ್ಲು, ನಡುನಡುವೆ ಬೆಳ್ಳಗಿನ ಸುಣ್ಣದ ಚೂರು. ಅಂದರೆ ಸುಟ್ಟ ಸುಣ್ಣವನ್ನು ಮರಳಿನ ಜೊತೆಗೇ ನೀರು ಹಾಕಿ ಅರಳಿಸಿದ್ದಾರೆ. ನಾನೂ ಹಾಗೇ ಮಾಡುತ್ತೇನೆ ಅಂದಾಗ ಕಟ್ಟಡ ಪರೀಕ್ಷಿಸುವ ಸರ್ವೇಯರ್, ಜೊತೆಗಾರರು ಎಲ್ಲರೂ ಬೇಡ ಅಂದರು. ಪಡುವಣ ಮಳೆಗೆ ಸುಣ್ಣ ನಿಲ್ಲಲ್ಲ ಅಂತ.

ಮೊದಲ ವರ್ಷ ಮೆಷಿನ್‌ನಲ್ಲಿ ಎರಚಿಸಿದೆವು. ಅಕ್ಟೋಬರ್‌ನಲ್ಲೇ ಹಿಮ ಕಟ್ಟಿ ಹಪ್ಪಳದಂತೆ ಎದ್ದು ಬಂತು. ಎರಡು ಸಾವಿರ ಪೌಂಡ್ ನನ್ನ ಕೈಯಿಂದಲೇ ಹೋಯಿತು. ಮರುವರ್ಷ ಮೇ ತಿಂಗಳಲ್ಲಿ ಶುರು ಮಾಡಿ, ಕರಣೆಯಲ್ಲಿ ಕೈಯಾರೆ ಎಸೆದೆವು. ಸುಣ್ಣ ಒಂದು, ಮರಳು ಮೂರು, ಕೊನೇ ಪದರಕ್ಕೆ ಕಲ್ಲು ಸೇರಿಸಿ. ಕಲ್ಲು ಗಾರೆಯೊಳಗೇ ಇರಬೇಕು, ಆಮೇಲೆ ಒಣಕಲ್ಲು ಎಸೆದರೆ ಅದು ಪೆಬಲ್‌ಡ್ಯಾಶ್. ಎಸೆದದ್ದನ್ನು ಮತ್ತೆ ಮುಟ್ಟಬಾರದು. ಅದೊಂದು ಕೈಚಳಕ, ನನ್ನಷ್ಟು ಸಮವಾಗಿ ಎಸೆಯುವವರು ಈ ಸೀಮೆಯಲ್ಲಿ ಕಮ್ಮಿ. ಆಮೇಲೆ ವಾರಗಟ್ಟಲೆ ಒದ್ದೆ ಗೋಣಿತಾಟು.

ನಮ್ಮೂರ ಹಳೇ ಮೇಸ್ತ್ರಿಗಳ ಹಾಗೆ ಬೆಲ್ಲದ ನೀರು, ಅಳಲೆಕಾಯಿ ಕಷಾಯ ಹಾಕಿ ತೋಟದ ಶೆಡ್ಡಿನ ಗೋಡೆಗೂ ಬಳಿದು ನೋಡಿದೆ. ಕರಣೆಗೆ ಬೆಣ್ಣೆಯಾಗಿತ್ತು, ಆದರೆ ಇಲ್ಲಿನ ತೇವಕ್ಕೆ ಗಟ್ಟಿಯಾಗಲು ಜಾಸ್ತಿ ದಿನ ಹಿಡಿಯಿತು. ಮನೆಗೆ ಬಳಸಲಿಲ್ಲ. ಬೇಸಿಗೆ ಪೂರ್ತಿ ಸಿಕ್ಕರೆ ಇನ್ನೊಮ್ಮೆ ನೋಡಬೇಕು.

ಮೇಲೆ ಐದು ಕೋಟ್ ಸುಣ್ಣ, ಅರಳುವಾಗಲೇ ಪ್ರಾಣಿಕೊಬ್ಬು ಬೆರೆಸಿದ್ದು. ಎಷ್ಟು, ಯಾವ ಹೊತ್ತಿಗೆ ಅನ್ನುವುದು ನನ್ನಲ್ಲೇ ಇರಲಿ.

ಸ್ಕ್ಯಾಫೋಲ್ಡಿಂಗ್ ಸೇರಿ ಸುಮಾರು 35 ಸಾವಿರ ಪೌಂಡ್ ಆಯಿತು. ಸಿಮೆಂಟಿನವರು 20 ಹೇಳಿದ್ದರು. ಬೇಡ ಅಂದ ಸರ್ವೇಯರ್ ಹೋದ ತಿಂಗಳು ತೇವದ ಮೀಟರ್ ಹಿಡಿದು ಗೋಡೆ ಪೂರ್ತಿ ಸುತ್ತಿದರು. ಈಗ ಅವರದೇ ಇನ್ನೊಂದು ಮನೆಯ ಕೆಲಸ ನನಗೆ ಬಂದಿದೆ.