ಕರಾವಳಿಯ ಮನೆಯ ಟಿವಿ ಪಿಸಿಗೆ ಕಡಿಮೆ ಕರೆಂಟಿನ ಮದರ್‌ಬೋರ್ಡ್: ನನ್ನ ಅನುಭವ

ಟಿವಿಯ ಪಕ್ಕ ಇಡುವ ಪಿಸಿಗೆ ಬೋರ್ಡ್ ಆರಿಸುವಾಗ ಪ್ರೊಸೆಸರಿನ ವೇಗವನ್ನು ನಾನು ನೋಡುವುದು ಕೊನೆಗೆ. ಯಾವ ಕೋಡೆಕ್‌ಗಳನ್ನು (ವಿಡಿಯೊವನ್ನು ಕುಗ್ಗಿಸಿಡುವ ವಿಧಾನಗಳನ್ನು) ಗ್ರಾಫಿಕ್ಸ್ ಭಾಗವೇ ಡಿಕೋಡ್ ಮಾಡುತ್ತದೆ, ಅಂದರೆ ಬಿಚ್ಚಿ ತೋರಿಸುತ್ತದೆ, ಎಚ್‌ಡಿಎಂಐ ಎಷ್ಟನೇ ಆವೃತ್ತಿಯದು, ಬೋರ್ಡಿಗೆ ಕರೆಂಟ್ ಬರುವುದು ಹೇಗೆ ಎನ್ನುವುದು ಮೊದಲು. ಮಂಗಳೂರು, ಉಡುಪಿ ಕಡೆಯವರಾದರೆ ಇನ್ನೊಂದನ್ನೂ ನೋಡಬೇಕು: ಫ್ಯಾನ್ ಇಲ್ಲದೆ, ದಿನವಿಡೀ ಆನ್ ಇಟ್ಟರೂ ಬಿಲ್ಲಿಗೆ ಭಾರವಾಗದ ಹಾಗೆ ಅದು ಓಡುತ್ತದೆಯೇ? ಯಾಕೆಂದು ಮುಂದೆ ಹೇಳುತ್ತೇನೆ.

ಯೂಟ್ಯೂಬಿನ 4ಕೆ ವಿಡಿಯೊ ಬರುವುದು ವಿಪಿ9 ಅಥವಾ ಎವಿ1ನಲ್ಲಿ. 4ಕೆ ಬ್ಲೂ-ರೇಯಿಂದ ತೆಗೆದ ಫೈಲುಗಳು 10 ಬಿಟ್ ಎಚ್‌ಇವಿಸಿ. ಹಾರ್ಡ್‌ವೇರ್ ಡಿಕೋಡ್ ಇಲ್ಲದಿದ್ದರೆ ಸಣ್ಣ ಸಿಪಿಯು ಏದುಸಿರು ಬಿಡುತ್ತದೆ, ಚಿತ್ರ ತಡವರಿಸುತ್ತದೆ. ಇಂಟೆಲ್‌ನ ಕೋರ್ ಸಾಲಿನಲ್ಲಿ ಎವಿ1 ಡಿಕೋಡ್ ಬಂದದ್ದು 11ನೇ ತಲೆಮಾರಿನಿಂದ. ಅಗ್ಗದ ಸಾಲಿನ ಜೆ4125, ಎನ್5105 ಚಿಪ್ಪುಗಳಲ್ಲಿ ಎಚ್‌ಇವಿಸಿ ಇದೆ, ಎವಿ1 ಇಲ್ಲ. ಅದೇ ಸಾಲಿನಲ್ಲಿ 2023ರಲ್ಲಿ ಬಂದ ಎನ್100ರಲ್ಲಿ ಎರಡೂ ಇವೆ. ಎಎಂಡಿಯ ರೈಜನ್ 5600ಜಿ ಎಷ್ಟೇ ಬಲಶಾಲಿಯಾದರೂ ಅದರ ಗ್ರಾಫಿಕ್ಸಿಗೆ ಎವಿ1 ಗೊತ್ತಿಲ್ಲ. ಅಂಗಡಿಯವರು ಐ3-12100 ತೋರಿಸಿದರೆ ಹೆಸರಿನ ಕೊನೆಗೆ ಎಫ್ ಇದೆಯೇ ನೋಡಿ. ಇದ್ದರೆ ಒಳಗೆ ಗ್ರಾಫಿಕ್ಸೇ ಇಲ್ಲ, ಟಿವಿ ಪಿಸಿಗೆ ಅದು ದಂಡ.

ಎಚ್‌ಡಿಎಂಐ 1.4 ಆದರೆ 4ಕೆ ಸಿಗುವುದು ಸೆಕೆಂಡಿಗೆ 30 ಫ್ರೇಮ್ ಮಾತ್ರ. ಮೆನು ಸರಿಸುವಾಗಲೇ ಕಣ್ಣಿಗೆ ಗೊತ್ತಾಗುತ್ತದೆ. 60 ಬೇಕಾದರೆ 2.0 ಬೇಕು. ಕಚೇರಿಗಳಿಂದ ಸೆಕೆಂಡ್‌ಹ್ಯಾಂಡ್ ಬರುವ 8ನೇ ತಲೆಮಾರಿನ ಪುಟ್ಟ ಪಿಸಿಗಳಲ್ಲಿ ಎಡವಟ್ಟಾಗುವುದು ಇಲ್ಲಿಯೇ. ಅವುಗಳ ಗ್ರಾಫಿಕ್ಸ್ ನೇರವಾಗಿ ಕೊಡುವುದು 1.4 ಮಾತ್ರ, 2.0 ಬೇಕಾದರೆ ಬೋರ್ಡಿನಲ್ಲಿ ಬೇರೆ ಚಿಪ್ ಇರಬೇಕು. ಡಿಸ್‌ಪ್ಲೇ ಪೋರ್ಟ್ ಇದ್ದರೆ ಎಚ್‌ಡಿಎಂಐ 2.0ರ ಆಕ್ಟಿವ್ ಅಡಾಪ್ಟರ್ (ಸಿಗ್ನಲ್ ಬದಲಿಸುವ ಚಿಪ್ ಒಳಗೇ ಇರುವಂಥದ್ದು) ಹಾಕಿ 60ಕ್ಕೆ ತರಬಹುದು. ಟಿವಿಯಲ್ಲೂ ಆ ಎಚ್‌ಡಿಎಂಐ ಪೋರ್ಟಿಗೆ ಅಲ್ಟ್ರಾ ಎಚ್‌ಡಿ ಸಿಗ್ನಲ್ ಆಯ್ಕೆಯನ್ನು ಆನ್ ಮಾಡಬೇಕು. ಅದು ಆಫ್ ಇದ್ದು ಬೋರ್ಡನ್ನು ಬೈಯುವವರೇ ಹೆಚ್ಚು.

ಈಗ ಕರೆಂಟಿನ ವಿಷಯ. ಎನ್100ಕ್ಕೆ ಇಂಟೆಲ್ ಬರೆದಿರುವ 6 ವ್ಯಾಟ್ ಚಿಪ್ಪಿನ ಲೆಕ್ಕ, ಗೋಡೆಯ ಪ್ಲಗ್ಗಿನದಲ್ಲ. ಪ್ಲಗ್ಗಿನಲ್ಲಿ ಎಷ್ಟು ಎಳೆಯುತ್ತದೆ ಎನ್ನುವುದನ್ನು ಚಿಪ್ಪಿಗಿಂತ ಪವರ್ ಸಪ್ಲೈ ನಿರ್ಧರಿಸುತ್ತದೆ. 450 ವ್ಯಾಟಿನ ಎಸ್‌ಎಂಪಿಎಸ್‌ಗೆ (ಡೆಸ್ಕ್‌ಟಾಪಿನ ಮಾಮೂಲಿ ಪವರ್ ಸಪ್ಲೈಗೆ) 10 ವ್ಯಾಟ್ ಎಂದರೆ ಅದರ ಶಕ್ತಿಯ ಶೇಕಡಾ ಎರಡಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಸಪ್ಲೈ ಎಷ್ಟು ಪೋಲು ಮಾಡುತ್ತದೆಂದು ಅಳೆಯುವ 80 ಪ್ಲಸ್ ಸಾಮಾನ್ಯ ದರ್ಜೆಯ ಪರೀಕ್ಷೆ ಶುರುವಾಗುವುದೇ ಶೇಕಡಾ 20ರಿಂದ. ಅದರ ಕೆಳಗೆ ಎಷ್ಟು ಪೋಲಾಗುತ್ತದೆಂದು ಡಬ್ಬದ ಮೇಲೆ ಬರೆದಿರುವುದಿಲ್ಲ. ಅದಕ್ಕೇ ನನ್ನ ಮೊದಲ ಆಯ್ಕೆ ಲ್ಯಾಪ್‌ಟಾಪಿನ ಹಾಗೆ 19 ವೋಲ್ಟ್ ಅಡಾಪ್ಟರ್ ನೇರ ಸಿಕ್ಕಿಸುವ ಎಎಸ್‌ರಾಕ್ ಎನ್100ಡಿಸಿ-ಐಟಿಎಕ್ಸ್. ಆಸುಸ್ ಪ್ರೈಮ್ ಎನ್100ಐ-ಡಿ ಡಿ4 ಕೂಡ ಫ್ಯಾನಿಲ್ಲದ ಒಳ್ಳೆಯ ಬೋರ್ಡೇ, ಆದರೆ ಅದಕ್ಕೆ ಮಾಮೂಲಿ 24 ಪಿನ್ ಸಪ್ಲೈ ಬೇಕು. ಅದನ್ನು ಕೊಂಡರೆ 12 ವೋಲ್ಟ್ ಅಡಾಪ್ಟರಿನಿಂದ ನಡೆಯುವ ಪೈಕೊ ಪಿಎಸ್‌ಯು (24 ಪಿನ್ನಿಗೇ ಸಿಕ್ಕಿಸುವ ಪುಟ್ಟ ಪವರ್ ಸಪ್ಲೈ) ಹಾಕಿ. ವ್ಯಾಟ್ ಮೀಟರಿನಲ್ಲಿ ನಾನು ಕಂಡಂತೆ ಡಿಸಿ ಅಡಾಪ್ಟರಿನ ಎನ್100 ಸುಮ್ಮನಿದ್ದಾಗ 10 ವ್ಯಾಟಿನ ಆಸುಪಾಸು, 4ಕೆ ಓಡುವಾಗ 15ರ ಆಸುಪಾಸು.

ರ್‍ಯಾಮ್ ಕೊಳ್ಳುವಾಗಲೂ ಈ ಎರಡು ಬೋರ್ಡುಗಳನ್ನು ಕಲಸಬೇಡಿ. ಎಎಸ್‌ರಾಕ್‌ಗೆ ಡೆಸ್ಕ್‌ಟಾಪಿನ ಉದ್ದ ಡಿಡಿಆರ್4, ಆಸುಸ್‌ಗೆ ಲ್ಯಾಪ್‌ಟಾಪಿನ ಗಿಡ್ಡ ಡಿಡಿಆರ್4. ಎರಡರಲ್ಲೂ ಒಂದೇ ಸ್ಲಾಟ್. 8 ಜಿಬಿ ಧಾರಾಳ ಸಾಕು.

ಹತ್ತು ವ್ಯಾಟ್ ಯಾಕೆ ಮುಖ್ಯ ಎಂದರೆ, ಇಲ್ಲಿನ ಮಳೆಗಾಲಕ್ಕೆ ಮಷೀನನ್ನು ಆಫ್ ಮಾಡಿ ಇಡುವುದೇ ಹಾಳು. ಆಟಿಯ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ಮಳೆಯಲ್ಲಿ ಕೋಣೆ 28 ಡಿಗ್ರಿ, ತೇವಾಂಶ ಶೇಕಡಾ 90 ಎಂದಿಟ್ಟುಕೊಳ್ಳಿ. ಅದೇ ಗಾಳಿ ಪೆಟ್ಟಿಗೆಯೊಳಗೆ 36 ಡಿಗ್ರಿಗೆ ಏರಿದರೆ ಸಾಪೇಕ್ಷ ತೇವಾಂಶ ಸುಮಾರು 57ಕ್ಕೆ ಇಳಿಯುತ್ತದೆ. ನೀರಿನ ಅಂಶ ಅಷ್ಟೇ ಇರುತ್ತದೆ, ಬೋರ್ಡಿನ ಮೇಲೆ ಪಸೆ ಕೂರುವುದಿಲ್ಲ. ಮಲ್ಪೆ, ಸುರತ್ಕಲ್‌ನಂಥ ಕಡಲ ಹತ್ತಿರದ ಮನೆಗಳಲ್ಲಿ ಧೂಳಿನೊಂದಿಗೆ ಉಪ್ಪೂ ಇರುತ್ತದೆ. ಉಪ್ಪು ತೇವ ಹಿಡಿದು ರ್‍ಯಾಮಿನ ಕಾಲು, ಪೋರ್ಟುಗಳ ಲೋಹವನ್ನು ತಿನ್ನುತ್ತದೆ. ಫ್ಯಾನ್ ಇದ್ದರೆ ಆ ಗಾಳಿಯನ್ನು ಅದೇ ಒಳಗೆ ಎಳೆದು ತರುತ್ತದೆ, ಕೊನೆಗೆ ಅದರ ಬೇರಿಂಗೇ ಕಿರುಗುಡುತ್ತದೆ. 50 ವ್ಯಾಟಿನ ಹಳೆಯ ಡೆಸ್ಕ್‌ಟಾಪನ್ನು ದಿನವಿಡೀ ಆನ್ ಇಟ್ಟರೆ ತಿಂಗಳಿಗೆ 36 ಯೂನಿಟ್. 10 ವ್ಯಾಟಿನದಕ್ಕೆ 7.2. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದ ತಿಂಗಳು ಮೆಸ್ಕಾಂಗೆ ಪೂರ್ತಿ ಬಿಲ್ ಕಟ್ಟಬೇಕಾದ್ದರಿಂದ, ಗೆರೆಯ ಹತ್ತಿರ ಇರುವ ಮನೆಗೆ ಈ 29 ಯೂನಿಟ್ಟಿನ ವ್ಯತ್ಯಾಸ ಸಣ್ಣದಲ್ಲ.

ಫ್ಯಾನ್ ಇಲ್ಲ ಎಂದ ಮೇಲೆ ಬಿಸಿ ಗಾಳಿಗೆ ದಾರಿ ನೀವೇ ಮಾಡಬೇಕು. ಪೆಟ್ಟಿಗೆಯನ್ನು ನಿಲ್ಲಿಸಿ ಇಡುವುದಾದರೆ ಹೀಟ್‌ಸಿಂಕಿನ ರೆಕ್ಕೆಗಳು ಮೇಲೆ-ಕೆಳಗೆ ಬರಬೇಕು. ಅಡ್ಡ ಬಂದರೆ ಗಾಳಿ ಏರಲು ಪ್ರತಿ ರೆಕ್ಕೆಯೂ ತಡೆ. ಶೋಕೇಸಿನ ಮುಚ್ಚಿದ ಗೂಡಿನಲ್ಲಿ ಇಡಬೇಡಿ. ಇಡಲೇಬೇಕಾದರೆ ಹಿಂದಿನ ಪ್ಲೈವುಡ್ಡಿನಲ್ಲಿ ಕೆಳಗೊಂದು, ಮೇಲೊಂದು ತೂತು ಕೊರೆದು ಸೊಳ್ಳೆ ಜಾಲರಿ ಬಡಿಯಿರಿ, ಇಲ್ಲದಿದ್ದರೆ ಬೆಚ್ಚಗಿನ ಜಾಗವೆಂದು ಇರುವೆ, ಹಲ್ಲಿ ಬಂದು ಸೇರುತ್ತವೆ. ಏಪ್ರಿಲ್-ಮೇ ಸೆಕೆಗೆ ಒಂದು ತಾಸು 4ಕೆ ಓಡಿಸಿ ತಾಪ ನೋಡಿ. 80 ದಾಟಿದರೆ 120 ಎಂಎಂ ಫ್ಯಾನನ್ನು 5 ವೋಲ್ಟಿಗೆ ಕೊಟ್ಟು ಆ ಎರಡು ತಿಂಗಳಿಗೆ ಮಾತ್ರ ಓಡಿಸಿದರೆ ಸಾಕು.

ಬಯಾಸಿನಲ್ಲಿ (ಬೋರ್ಡಿನ ಸೆಟ್ಟಿಂಗ್ ಪರದೆಯಲ್ಲಿ) ಸಿ-ಸ್ಟೇಟ್‌ಗಳು, ಎಎಸ್‌ಪಿಎಂ ಎಂಬ ಕರೆಂಟ್ ಉಳಿಸುವ ಆಯ್ಕೆಗಳು ಎರಡೂ ಆನ್ ಇರಲಿ. ಆಫ್ ಇದ್ದರೆ ಸುಮ್ಮನೆ ಕೂತಾಗಲೂ ಚಿಪ್ಪು ಪೂರ್ತಿ ಮಲಗುವುದಿಲ್ಲ. ಕರೆಂಟ್ ಹೋಗಿ ಬಂದಾಗ ಏನು ಮಾಡಬೇಕು ಎನ್ನುವಲ್ಲಿ ಪವರ್ ಆನ್ ಇಡಿ. ನಂತರ ಲಿಬ್ರೆಎಲೆಕ್ ಎಂಬ ಪುಟ್ಟ ಲಿನಕ್ಸ್ ಹಾಕಿದರೆ ವಿಡಿಯೊ ಓಡಿಸುವ ಕೋಡಿ ತಂತ್ರಾಂಶವೇ ನೇರ ತೆರೆಯುತ್ತದೆ. ಕೋಡಿಯಲ್ಲಿ ರಿಫ್ರೆಶ್ ರೇಟ್ ಹೊಂದಿಸುವ ಆಯ್ಕೆಯನ್ನು ಆನ್ ಮಾಡದಿದ್ದರೆ 24 ಫ್ರೇಮಿನ ಸಿನಿಮಾ 60ರಲ್ಲಿ ಓಡಿ ಕ್ಯಾಮೆರಾ ತಿರುಗುವ ದೃಶ್ಯಗಳಲ್ಲಿ ಕುಲುಕುತ್ತದೆ. ವಿಡಿಯೊ ಓಡುತ್ತಿರುವಾಗ ಕೀಬೋರ್ಡಿನ ಓ ಒತ್ತಿ: ಡಿಕೋಡರಿನ ಹೆಸರಿನ ಪಕ್ಕ ಎಚ್‌ಡಬ್ಲ್ಯು ಎಂದಿದ್ದರೆ ಗ್ರಾಫಿಕ್ಸ್ ಕೆಲಸ ಮಾಡುತ್ತಿದೆ, ಎಸ್‌ಡಬ್ಲ್ಯು ಎಂದಿದ್ದರೆ ಸಿಪಿಯು ಒದ್ದಾಡುತ್ತಿದೆ.

ಇಷ್ಟಾಗಿಯೂ, ನಿಮ್ಮ ಮನೆಯಲ್ಲಿ ನೋಡುವುದು ಬರೀ ನೆಟ್‌ಫ್ಲಿಕ್ಸ್, ಹಾಟ್‌ಸ್ಟಾರ್ ಆದರೆ ಈ ಉಸಾಬರಿ ಬೇಡ. ಲಿನಕ್ಸ್ ಬ್ರೌಸರಿನಲ್ಲಿ ನೆಟ್‌ಫ್ಲಿಕ್ಸ್ 4ಕೆ ಕೊಡುವುದಿಲ್ಲ. ಒಂದು ಸ್ಟ್ರೀಮಿಂಗ್ ಸ್ಟಿಕ್ ಇದಕ್ಕಿಂತ ಅಗ್ಗ, ಚಿತ್ರವೂ ಚೆನ್ನ. ಸ್ವಂತ ಫೈಲುಗಳ ಸಂಗ್ರಹ, ಕುಟುಂಬದ ವಿಡಿಯೊ, ನೆಟ್‌ವರ್ಕ್ ಡಿಸ್ಕ್ ಇರುವವರಿಗೆ ಮಾತ್ರ ಈ ಪಿಸಿ. ಅಂಥವರು ವೈಫೈ ನಂಬಬೇಡಿ, ಮುರಕಲ್ಲಿನ ದಪ್ಪ ಗೋಡೆ ಎರಡು ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ಸಿಗ್ನಲ್ ಸೊರಗಿರುತ್ತದೆ. ಕ್ಯಾಟ್ 6 ವಯರ್ ಎಳೆಸಿ.

ಎರಡು ಪಿನ್ನಿನ ಅಡಾಪ್ಟರ್‌ಗೆ ಅರ್ಥಿಂಗ್ ಇರುವುದಿಲ್ಲ, ಆದ್ದರಿಂದ ಲೋಹದ ಪೆಟ್ಟಿಗೆ ಮುಟ್ಟಿದರೆ ಬೆರಳು ಜುಮ್ಮೆನ್ನಬಹುದು. ಆ ಸ್ಥಿತಿಯಲ್ಲಿ ಎಚ್‌ಡಿಎಂಐ ಸಿಕ್ಕಿಸಿದರೆ ಸಣ್ಣ ಕಿಡಿ ಹಾರಿ ಪೋರ್ಟ್ ಸುಡುವುದುಂಟು. ಎಚ್‌ಡಿಎಂಐ ಮೊದಲು, ಪ್ಲಗ್ ಆಮೇಲೆ. ಮಳೆಗಾಲದ ಮುಂಚಿನ ಸಿಡಿಲಿಗೆ ಪ್ಲಗ್ ಕಿತ್ತರೆ ಸಾಲದು. ಡಿಶ್ಶಿನ ಕೇಬಲಿನಿಂದ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಟಿವಿಗೆ, ಟಿವಿಯಿಂದ ಎಚ್‌ಡಿಎಂಐ ಮೂಲಕ ಬೋರ್ಡಿಗೆ ಬರುವ ದಾರಿ ಹಾಗೇ ತೆರೆದಿರುತ್ತದೆ. ಗುಡುಗು ಶುರುವಾದ ಮೇಲೆ ವಯರು ಮುಟ್ಟಬೇಡಿ. ಮೋಡ ಕಟ್ಟಿದಾಗಲೇ ಡಿಶ್ ಕೇಬಲ್, ಎಚ್‌ಡಿಎಂಐ, ಲ್ಯಾನ್ ಮೂರನ್ನೂ ತೆಗೆದಿಡಿ.