ಚಾಸಿ ನಂಬರ್ 5893: ಒಂದು ಫೆರಾರಿಯ ಬೆನ್ನು ಹತ್ತಿದ್ದು

ಹಳೇ ರೇಸ್ ಕಾರುಗಳ ಚರಿತ್ರೆ ಬರೆದಿಡುವುದು ನನ್ನ ಹವ್ಯಾಸ. ಅಂಥ ಕಾರು ಕೊಳ್ಳುವ ದುಡ್ಡಿಲ್ಲ, ಕಾಗದ ಓದುವ ತಾಳ್ಮೆ ಇದೆ. ಕೆಲಸದ ಮೇಲೆ ಅಮೆರಿಕದ ಇಂಡಿಯಾನಾಕ್ಕೆ ಬಂದಾಗ ಕೈಗೆತ್ತಿಕೊಂಡಿದ್ದು ಇಂಡಿಯಾನಾಪೊಲಿಸ್ ಮೋಟರ್ ಸ್ಪೀಡ್‌ವೇ ಮ್ಯೂಸಿಯಮ್ಮಿನಲ್ಲಿದ್ದ ಕೆಂಪು ಫೆರಾರಿಯನ್ನು. ಮಾಡೆಲ್ 250 ಎಲ್‌ಎಂ, ಚಾಸಿ ನಂಬರ್ 5893. 1965ರಲ್ಲಿ ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆ ರೇಸ್ ಗೆದ್ದ ಕಾರು.

ನಾನು ಮಾಡುವುದು ಇಷ್ಟೇ. ಒಂದು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆಯುತ್ತೇನೆ. ಎಡಗಡೆ ಕಾರು ಯಾರ ಬಳಿ ಇತ್ತು, ಬಲಗಡೆ ಎಲ್ಲಿ ಓಡಿತು. ಎರಡಕ್ಕೂ ತಾರೀಖು. ಯಾವ ತಾರೀಖಿನಲ್ಲಿ ಎರಡೂ ಹೊಂದುವುದಿಲ್ಲವೋ ಅಲ್ಲಿ ಕಥೆಯಿದೆ ಅಂತ ಅರ್ಥ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಆರ್‌ಸಿ ಹಿಡಿದು ಎಷ್ಟು ಕೈ ಬದಲಾಗಿದೆ ಅಂತ ನೋಡುತ್ತೇವಲ್ಲ, ಅದೇ ಕೆಲಸ. ಆದರೆ ರೇಸ್ ಕಾರಿನ ಕಾಗದವನ್ನು ಅಷ್ಟು ಸುಲಭಕ್ಕೆ ನಂಬುವ ಹಾಗಿಲ್ಲ. ಗಡಿ ದಾಟುವಾಗ ಕಸ್ಟಮ್ಸ್ ಪತ್ರಕ್ಕೆ ಹೊಂದಲಿ ಅಂತ ಆ ಕಾಲದ ತಂಡಗಳು ಒಂದು ಕಾರಿನ ನಂಬರ್ ಪಟ್ಟಿಯನ್ನು ಇನ್ನೊಂದಕ್ಕೆ ಹೊಡೆದದ್ದೂ ಉಂಟು. ಬಾಗಿಲ ಮೇಲಿನ ರೇಸ್ ನಂಬರಂತೂ ಪ್ರತಿ ರೇಸಿಗೂ ಬೇರೆ. ಹಾಗಾಗಿ ಫೋಟೊ ಬೇಕೇ ಬೇಕು. ಗಾಳಿ ಕಿಂಡಿ ಎಲ್ಲಿದೆ, ಪೆಟ್ರೋಲ್ ಮುಚ್ಚಳ ಯಾವ ಕಡೆ, ರಿವೆಟ್ ಸಾಲು ಹೇಗಿದೆ ಅಂತ ಒಂದೊಂದನ್ನೂ ಹೋಲಿಸಬೇಕು. ಪಕ್ಕಾ ಬೇಜಾರಿನ ಕೆಲಸ. ನನಗೆ ಅದೇ ಇಷ್ಟ.

5893ರಲ್ಲಿ ಮೊದಲು ಕಣ್ಣಿಗೆ ಬಿದ್ದಿದ್ದು ನಂಬರೇ. ಆಗ ಫೆರಾರಿ ರೇಸಿಗೆಂದೇ ಮಾಡಿದ ಕಾರಿಗೆ ಸಮಸಂಖ್ಯೆ, ರಸ್ತೆ ಕಾರಿಗೆ ಬೆಸಸಂಖ್ಯೆ ಕೊಡುತ್ತಿತ್ತು. ಲೆ ಮಾನ್ಸ್ ಗೆದ್ದ ಈ ಕಾರಿಗೆ ಬೆಸಸಂಖ್ಯೆ! ಕಾರಣ ಕಂಪನಿ ಕಟ್ಟಿದ ಎಂಜೊ ಫೆರಾರಿಯ ಹಟ. ಎಂಜಿನ್ ಚಾಲಕನ ಬೆನ್ನ ಹಿಂದೆ ಇರುವ ಈ ಕಾರನ್ನು 1963ರ ಪ್ಯಾರಿಸ್ ಪ್ರದರ್ಶನದಲ್ಲಿ ತೋರಿಸಿ, ಇದು ರಸ್ತೆ ಕಾರಿನ ತಳಿ, ಜಿಟಿ ವರ್ಗಕ್ಕೆ (ರಸ್ತೆ ಕಾರುಗಳಿಂದ ಬಂದ ರೇಸ್ ಕಾರುಗಳ ವರ್ಗ) ಸೇರಿಸಿ ಅಂತ ಅವರು ವಾದಿಸಿದರು. ಹೆಸರಿನಲ್ಲೂ ಅದೇ ಆಟ. ಫೆರಾರಿ ಲೆಕ್ಕದಲ್ಲಿ 250 ಅಂದರೆ ಒಂದು ಸಿಲಿಂಡರಿಗೆ 250 ಸಿಸಿ. ಹನ್ನೆರಡು ಸಿಲಿಂಡರಿಗೆ 3 ಲೀಟರ್. ಮೊದಲನೇ ಕಾರು ಬಿಟ್ಟರೆ ಉಳಿದ 250 ಎಲ್‌ಎಂಗಳ ಎಂಜಿನ್ 3.3 ಲೀಟರ್. ನ್ಯಾಯವಾಗಿ 275 ಅನ್ನಬೇಕಿತ್ತು. ಆದರೆ ಹಾಗಂದರೆ ಇದು ಹೊಸ ಕಾರು ಅಂತ ಒಪ್ಪಿಕೊಂಡಂತೆ ಅಲ್ವಾ?

ಜಿಟಿ ವರ್ಗಕ್ಕೆ 100 ಕಾರು ಕಟ್ಟಿರಬೇಕಿತ್ತು. ಫೆರಾರಿ ಒಟ್ಟಾರೆ ಕಟ್ಟಿದ್ದೇ 32. ಮೋಟರ್ ರೇಸಿಂಗ್‌ನ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ ಒಪ್ಪಲಿಲ್ಲ. ಇಟಲಿಯ ಮೋಟರ್ ಸಂಸ್ಥೆಯೂ ಬೆನ್ನಿಗೆ ನಿಲ್ಲಲಿಲ್ಲ ಅಂತ ಎಂಜೊ ಸಿಟ್ಟಾದರು. 1964ರ ಕೊನೆಯ ಎರಡು ಫಾರ್ಮುಲಾ ಒನ್ ರೇಸುಗಳಲ್ಲಿ ತಮ್ಮ ಕಾರುಗಳಿಗೆ ಇಟಲಿಯ ಕೆಂಪು ತೆಗೆಸಿ ನೀಲಿ ಬಿಳಿ ಬಳಿಸಿದರು. ಜಾನ್ ಸರ್ಟೀಸ್ ಆ ವರ್ಷ ಚಾಂಪಿಯನ್ ಆಗಿದ್ದು ಆ ನೀಲಿ ಬಿಳಿ ಕಾರಿನಲ್ಲೇ. ಆ ಬಣ್ಣ ಅಮೆರಿಕದ ನಾರ್ತ್ ಅಮೆರಿಕನ್ ರೇಸಿಂಗ್ ಟೀಮಿನದು. 5893 ಓಡಿದ್ದೂ ಅದೇ ತಂಡದ ಹೆಸರಿನಲ್ಲಿ. ತಂಡದ ಯಜಮಾನ ಲುಯಿಜಿ ಕಿನೆಟ್ಟಿ. ಚಾಲಕನಾಗಿ ಲೆ ಮಾನ್ಸ್ ಅನ್ನು ಮೂರು ಸಲ ಗೆದ್ದವರು, ಕೊನೆಯ ಸಲ 1949ರಲ್ಲಿ ಫೆರಾರಿಗೆ ಮೊದಲ ಗೆಲುವು ತಂದವರು.

ಬಲಗಡೆ ಕಾಲಮಿಗೆ ಬರೋಣ. 1965ರ ಜೂನ್ 19 ಮತ್ತು 20. ರೇಸ್ ನಂಬರ್ 21. ಚಾಲಕರು ಅಮೆರಿಕದ ಕಾನ್ಸಸ್ ಸಿಟಿಯ ಮಾಸ್ಟನ್ ಗ್ರೆಗರಿ, ಆಸ್ಟ್ರಿಯಾದ ಯೋಖೆನ್ ರಿಂಟ್. ಶುರುವಿನಲ್ಲೇ ಇಗ್ನಿಷನ್ ಕೈಕೊಟ್ಟು ಪಿಟ್‌ನಲ್ಲಿ (ಟ್ರ್ಯಾಕ್ ಪಕ್ಕದ ರಿಪೇರಿ ಜಾಗ) ಸುಮಾರು ಅರ್ಧ ಗಂಟೆ ಹೋಯಿತು. ಇನ್ನು ಕಳಕೊಳ್ಳಲು ಏನೂ ಇಲ್ಲ ಅಂತ ಇಬ್ಬರೂ ಯದ್ವಾತದ್ವಾ ಓಡಿಸಿದರು. ಎದುರಾಳಿ ಫೋರ್ಡ್ ಜಿಟಿ40ಗಳು ಒಂದೊಂದೇ ಕೆಟ್ಟು ನಿಂತವು. ಫೆರಾರಿ ಕಾರ್ಖಾನೆಯ ಸ್ವಂತ ಕಾರುಗಳಿಗೆ ಬ್ರೇಕ್ ಡಿಸ್ಕ್ ಬಿರುಕು ಬಿಟ್ಟವು. ಎರಡನೇ ದಿನ ಮುಂದಿದ್ದದ್ದು ಹಳದಿ ಬಣ್ಣದ ಇನ್ನೊಂದು 250 ಎಲ್‌ಎಂ, ಡ್ಯುಮೇ ಮತ್ತು ಗೊಸ್ಲಾಂ ಅವರದು. ಅದರ ಹಿಂದಿನ ಟೈರು ಸಿಡಿದು ಮೈ ಹರಿಯಿತು. ರಿಪೇರಿಯಾಗುವಷ್ಟರಲ್ಲಿ 21ನೇ ನಂಬರ್ ಮುಂದೆ. ಒಟ್ಟು 348 ಸುತ್ತು. ಫೆರಾರಿ ಮತ್ತೆ ಲೆ ಮಾನ್ಸ್ ಗೆಲ್ಲಲು 2023ರ ತನಕ ಕಾಯಬೇಕಾಯಿತು.

ಈಗ ನನ್ನ ತಲೆ ತಿಂದ ವಿಷಯ. ಆ ತಂಡದ ಮೀಸಲು ಚಾಲಕ ಎಡ್ ಹ್ಯೂಗಸ್ ಅಂತ ಒಬ್ಬರಿದ್ದರು. ವರ್ಷಗಳ ಮೇಲೆ ಅವರು ಹೇಳಿಕೊಂಡ ಮಾತು ಹೀಗಿದೆ: ರಾತ್ರಿ ಮಂಜಿನಲ್ಲಿ ದಪ್ಪ ಕನ್ನಡಕದ ಗ್ರೆಗರಿಗೆ ದಾರಿ ಕಾಣದೆ ಪಿಟ್‌ಗೆ ಬಂದರು, ರಿಂಟ್ ಎಲ್ಲೂ ಸಿಗಲಿಲ್ಲ, ನಾನೇ ಹತ್ತಿ ಓಡಿಸಿದೆ. ಇದು ನಿಜವಾದರೆ ಗೆದ್ದವರು ಇಬ್ಬರಲ್ಲ, ಮೂವರು. ಆದರೆ ಆಗಿನ ನಿಯಮದ ಪ್ರಕಾರ ಮೀಸಲು ಚಾಲಕ ಒಬ್ಬರ ಜಾಗಕ್ಕೆ ಬಂದ ಮೇಲೆ ಆ ಚಾಲಕ ಮತ್ತೆ ಹತ್ತುವ ಹಾಗಿಲ್ಲ. ಹೇಳಿದ್ದರೆ ಗೆಲುವೇ ಹೋಗುತ್ತಿತ್ತು. ಅಂದರೆ ಸುಮ್ನೆ ಇರಲು ತಂಡಕ್ಕೆ ಬಲವಾದ ಕಾರಣ ಇತ್ತು. ಅಧಿಕೃತ ಫಲಿತಾಂಶದಲ್ಲಿ ಈಗಲೂ ಎರಡೇ ಹೆಸರು.

ಕಥೆ ನಂಬುವ ಹಾಗೇ ಇದೆ. ನನಗೂ ನಂಬುವ ಆಸೆ. ಆದರೂ ಕಾಲಮಿನ ಒಳಗೆ ಬರೆಯಲಿಲ್ಲ. ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದೆ. ಒಳಗೆ ಬರೆಯಬೇಕಾದರೆ ಆ ರಾತ್ರಿಯ ಫೋಟೊವೋ ಪಿಟ್‌ನ ಲಾಗ್ ಹಾಳೆಯೋ ಕೈಗೆ ಬರಬೇಕು. ಕಥೆ ಚೆನ್ನಾಗಿದ್ದಷ್ಟೂ ಪುರಾವೆ ಜಾಸ್ತಿ ಕೇಳಬೇಕು ಅನ್ನುವುದು ನನ್ನ ಲೆಕ್ಕ.

ಗೆದ್ದ ಮೇಲೂ 5893 ರೇಸ್ ಬಿಡಲಿಲ್ಲ. 1966ರಲ್ಲಿ ಅಮೆರಿಕದ ಡೇಟೋನಾ 24 ಗಂಟೆ ರೇಸಿನಲ್ಲಿ ಒಂಬತ್ತನೇ ಸ್ಥಾನ. 1968ರ ಲೆ ಮಾನ್ಸ್‌ನಲ್ಲಿ ಅರ್ಧಕ್ಕೇ ನಿಂತಿತು. 1969ರಲ್ಲಿ ಅಲ್ಲೇ ಎಂಟನೇದಾಗಿ ಮುಗಿಸಿತು. 1970ರ ಡೇಟೋನಾದಲ್ಲಿ, ಇದಕ್ಕಿಂತ ಎಷ್ಟೋ ಹೊಸದಾದ, ವೇಗದ ಪೋರ್ಷೆ 917ಗಳ ಕಾಲದಲ್ಲೂ, ಏಳನೇ ಸ್ಥಾನ. ಹೊಸ ಮಾಡೆಲ್ ಬಂದೊಡನೆ ಹಳೇದನ್ನು ಮೂಲೆಗೆ ತಳ್ಳುವ ರೇಸ್ ಲೋಕದಲ್ಲಿ ಇದು ಮುದುಕನ ವಯಸ್ಸು. ನನ್ನ ಕೇಳಿದರೆ ಗೆಲುವಿಗಿಂತ ಈ ಏಳು ಎಂಟನೇ ಸ್ಥಾನಗಳೇ ಕಾರಿನ ಗಟ್ಟಿತನ ಹೇಳುತ್ತವೆ.

ಎಡಗಡೆ ಕಾಲಂ ಬೇಗ ಮುಗಿಯುತ್ತದೆ. 1970ರಲ್ಲಿ ಕಾರು ಇಂಡಿಯಾನಾಪೊಲಿಸ್ ಮ್ಯೂಸಿಯಂ ಸೇರಿತು, ಐವತ್ತಕ್ಕೂ ಹೆಚ್ಚು ವರ್ಷ ಅಲ್ಲೇ ಇತ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ರಿಂಟ್ ಇಟಲಿಯ ಮೊಂಜಾ ಟ್ರ್ಯಾಕಿನಲ್ಲಿ ಅಪಘಾತವಾಗಿ ತೀರಿಕೊಂಡರು. ಆ ಸಲದ ಫಾರ್ಮುಲಾ ಒನ್ ಚಾಂಪಿಯನ್ ಪಟ್ಟ ಅವರು ಸತ್ತ ಮೇಲೆ ಅವರಿಗೇ ಬಂತು.

ಈ ಕಾಲಂ ಚಿಕ್ಕದಾಗಿರುವುದೇ ದೊಡ್ಡ ಬೆಲೆ. ಚಾಸಿ ನಂಬರ್ 0384ಎಎಂ ಫೆರಾರಿ 375 ಪ್ಲಸ್‌ನ ಕಥೆ ನೋಡಿ. ಅದನ್ನು ಒಹಾಯೋದಲ್ಲಿ ಒಬ್ಬರ ಜಾಗದಿಂದ ಕದ್ದರು. ಕಾರು ಬೆಲ್ಜಿಯಂ ಸೇರಿತು. ಮಾಲೀಕ ಯಾರು ಅಂತ ವರ್ಷಗಟ್ಟಲೆ ಜಗಳ ನಡೆಯಿತು. 2014ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಕೋಟಿ ಪೌಂಡಿಗೂ ಜಾಸ್ತಿಗೆ ಹರಾಜಾದ ಮೇಲೂ ಕೋರ್ಟು ಬಿಡಲಿಲ್ಲ. ಅಂಥ ಕಾರಿನ ಎಡಗಡೆ ಕಾಲಂ ಬರೆಯಲು ವಕೀಲರೇ ಬೇಕು.

5893 ಮಾರಾಟವಾಗಿದ್ದು 2025ರ ಫೆಬ್ರವರಿ 5ರಂದು, ಪ್ಯಾರಿಸ್‌ನಲ್ಲಿ. ತನ್ನ ಸ್ಪೀಡ್‌ವೇ ಚರಿತ್ರೆಗೆ ನೇರ ಸಂಬಂಧವಿಲ್ಲದ ಕೆಲವು ಕಾರುಗಳನ್ನು ಮಾರಿ ನಿಧಿ ಕೂಡಿಸಲು ಮ್ಯೂಸಿಯಂ ತೀರ್ಮಾನಿಸಿತ್ತು. ಬಂದ ಬೆಲೆ 3.488 ಕೋಟಿ ಯೂರೊ. ಮ್ಯೂಸಿಯಮ್ಮಿಗೆ ತನ್ನ ಲೆಕ್ಕ ಇರುತ್ತದೆ, ಒಪ್ಪುತ್ತೇನೆ. ಆದರೂ ಟಿಕೆಟ್ ಕೊಂಡ ಯಾರು ಬೇಕಾದರೂ ಹತ್ತಿರ ನಿಂತು ರಿವೆಟ್ ನೋಡಬಹುದಿತ್ತು. ಈಗ ಅದಕ್ಕೆ ಹೊಸ ಯಜಮಾನರ ಮನಸ್ಸು ಬೇಕು.

ಸದ್ಯ ಅಂದು ಟೈರು ಸಿಡಿದ ಹಳದಿ ಕಾರಿಗೆ ಹೊಸ ನೋಟ್‌ಬುಕ್ ತೆರೆದಿದ್ದೇನೆ. 1965ರ ಜೂನಿನ ಫೋಟೊಗಳು ಹೇಗೂ ನನ್ನ ಹತ್ತಿರ ಸೇರಿವೆ, ಒಂದೇ ಚೌಕಟ್ಟಿನಲ್ಲಿ ಎರಡೂ ಕಾರು ಇರುವವು ಬೇಕಾದಷ್ಟಿವೆ.